ನೀಲಿ ಆರಿದ ಮೇಲೆ

ಬೆಳಗಿನ ಮೊದಲ ಸದ್ದು ಹಾಲಿನ ಕ್ಯಾನುಗಳದ್ದು. ಕೊಯಿಲದ ಜಾನುವಾರು ಫಾರ್ಮಿನಿಂದ ಹೊರಟ ಟ್ರಾಕ್ಟರು ಕಲ್ಲುರಸ್ತೆಯಲ್ಲಿ ಕುಲುಕುವಾಗ ಕ್ಯಾನುಗಳು ಒಂದಕ್ಕೊಂದು ತಾಗಿ, ಯಾರೋ ದೂರದ ಅಂಗಳದಲ್ಲಿ ಪಾತ್ರೆ ಉರುಳಿಸಿದ ಹಾಗೆ ಕೇಳುತ್ತಿತ್ತು. ಆ ಸದ್ದಿಗೆ ಕುಮುದಿನಿ ಟೀಚರ್ ಏಳುತ್ತಿದ್ದರು. ಅವರ ಹಿಂದೆಯೇ ಮನೆ ಏಳುತ್ತಿತ್ತು. ಇಬ್ಬರು ತಮ್ಮಂದಿರು, ಅವರ ಹೆಂಡತಿಯರು, ಅವರ ಮಕ್ಕಳು. ಬಾವಿಕಟ್ಟೆಯಲ್ಲಿ ಜಗಳ, ಕಾಣೆಯಾದ ಚಪ್ಪಲಿಗೆ ಹುಡುಕಾಟ, ಗಂಜಿಗೆ ಉಪ್ಪಿನಕಾಯಿ ಸಾಲದು ಎಂಬ ರಾಗ. ಇಷ್ಟು ಗಲಾಟೆಯ ಮನೆಯನ್ನು ಊರಿನವರು ಮುಗಿಯುತ್ತ ಬಂದ ಮನೆ ಎನ್ನುತ್ತಿದ್ದರು.

ಅವರು ಹೇಳುವುದರಲ್ಲಿ ಸುಳ್ಳಿರಲಿಲ್ಲ. ಅದು ಅಳಿಯಕಟ್ಟಿನ ಬಂಟರ ಮನೆ. ಅಲ್ಲಿ ವಂಶ ತಾಯಿಯಿಂದ ಮಗಳಿಗೆ ಇಳಿಯುತ್ತದೆ. ಅದನ್ನು ಬಳಿ ಎನ್ನುತ್ತಾರೆ. ಗಂಡಸರ ಮಕ್ಕಳು ಅವರವರ ತಾಯಿಯ ಬಳಿಯವರು. ಕಾನೂನು ಬದಲಾಗಿ ಆಸ್ತಿ ಗಂಡಸರ ಮಕ್ಕಳಿಗೂ ಬರತೊಡಗಿ ವರ್ಷಗಳಾಗಿದ್ದವು, ಆದರೆ ಬಳಿಯನ್ನು ಯಾವ ಕಾನೂನೂ ಮುಟ್ಟಲಿಲ್ಲ. ಆ ಮನೆಯಲ್ಲಿ ಓಡಾಡುವ ಮಕ್ಕಳಲ್ಲಿ ತಮ್ಮಂದಿರ ಮಕ್ಕಳು ಯಾರೂ ಮನೆಯ ಬಳಿಗೆ ಸೇರಿದವರಲ್ಲ. ಸೇರಿದ ಹೆಂಗಸರು ಇಬ್ಬರೇ, ಟೀಚರ್ ಮತ್ತು ಅವರ ಒಬ್ಬಳೇ ಮಗಳು ಮೋಹಿನಿ. ಮೋಹಿನಿಗೆ ಇಬ್ಬರು ಗಂಡುಮಕ್ಕಳು. ಅವಳಿಗೊಂದು ಹೆಣ್ಣು ಹುಟ್ಟದಿದ್ದರೆ, ಮನೆದೈವಕ್ಕೆ ದೀಪ ಇಡುವ ವಂಶ ಅವಳ ಮಕ್ಕಳ ತಲೆಗೆ ನಿಲ್ಲುತ್ತದೆ.

“ನಾವೆಲ್ಲ ಇಲ್ಲಿ ಬಸ್ಸಿಗೆ ಕಾಯುವವರು ಮಾರಾಯ್ರೆ,” ಎಂದು ದೊಡ್ಡ ತಮ್ಮನ ಹೆಂಡತಿ ಪಂಕಜಾಕ್ಷಿ ಬಂದವರೆದುರು ನಗುತ್ತಿದ್ದಳು. “ಟಿಕೆಟು ಇರುದು ಅಕ್ಕನಿಗೆ, ಮತ್ತೆ ಮೋಹಿನಿಗೆ.”

ಟೀಚರಿಗೆ ಮದುವೆಯಾದ ಮೂರನೇ ವರ್ಷ ಗಂಡ ಜ್ವರದಲ್ಲಿ ತೀರಿಕೊಂಡಿದ್ದರು. ಮೋಹಿನಿಗೆ ಆಗ ಹಲ್ಲು ಕೂಡ ಬಂದಿರಲಿಲ್ಲ. ಸೋದರಮಾವ ತ್ಯಾಂಪಣ್ಣ ಬಾಡಿಗೆಯ ಕಾರು ಮಾಡಿಕೊಂಡು ಹೋಗಿ ಇಬ್ಬರನ್ನೂ ಕರೆತಂದರು. ಮನೆಯ ಯಜಮಾನಿಕೆ ಅವರದ್ದು. ಮಾತು ಕಡಿಮೆ, ಅದೂ ಒರಟು. “ಅತ್ತದ್ದು ಸಾಕು. ಇನ್ನು ಓದು,” ಎಂದರು. ಮಗುವನ್ನು ಮನೆಯ ಹೆಂಗಸರು ಸಾಕಿದರು, ಕುಮುದಿನಿ ಮಂಗಳೂರಿನ ಹಾಸ್ಟೆಲಿನಲ್ಲಿ ಕೂತು ಬಿ.ಎಸ್ಸಿ. ಓದಿದರು. ವಿಧವೆಯನ್ನು ಯಾಕೆ ಓದಿಸುವುದು ಎಂದು ಕೇಳಿದವರಿಗೆ ತ್ಯಾಂಪಣ್ಣ, “ಈ ಮನೆಗೆ ಇರುದು ಅವಳೊಬ್ಬಳು. ಅವಳು ತಲೆ ತಗ್ಗಿಸಿದರೆ ಮನೆಯೇ ತಗ್ಗಿಸಿದ ಹಾಗೆ,” ಎಂದಿದ್ದರಂತೆ. ಆ ಮಾತು ಕುಮುದಿನಿಯ ಕಿವಿಗೂ ಬಿದ್ದಿತ್ತು. ಬೇರೆ ಹೆಂಗಸರ ಮೈಮೇಲೆ ಒಡವೆ ಇದ್ದ ಹಾಗೆ ಅವರ ಮೈಮೇಲೆ ಆ ಮಾತು ಇತ್ತು.

ಕಡಬದ ಹೈಸ್ಕೂಲಿನಲ್ಲಿ ಅವರು ವಿಜ್ಞಾನ ಕಲಿಸಿದರು. ಎಪ್ಪತ್ತಮೂರರ ಬೇಸಗೆ ರಜೆಯಲ್ಲಿ ಮಂಗಳೂರಿನಲ್ಲಿ ವಿಜ್ಞಾನದ ಮೇಷ್ಟ್ರುಗಳಿಗೊಂದು ತರಬೇತಿ ನಡೆಯಿತು. ಕೊನೆಯ ಮಧ್ಯಾಹ್ನ ಕಿಟಕಿಗಳಿಗೆ ಕಂಬಳಿ ಕಟ್ಟಿ ಗೋಡೆಯ ಮೇಲೆ ಗೆಲಾಕ್ಸಿಗಳ ಚಿತ್ರ ತೋರಿಸಿದರು. ಒಂದು, ಸುರುಳಿ ಸುರುಳಿಯಾಗಿ ತೋಳು ಚಾಚಿದ್ದು, ತೋಳಿನುದ್ದಕ್ಕೂ ನೀಲಿ. ಇನ್ನೊಂದಕ್ಕೆ ತೋಳಿಲ್ಲ, ಬರೇ ದುಂಡಗೆ; ಬೂದಿ ಮುಚ್ಚುವ ಮೊದಲಿನ ಕೆಂಡದ ಬಣ್ಣ.

“ಇದು ಯಾಕೆ ಹೀಗೆ ಕೆಂಪು?” ಎಂದು ಕುಮುದಿನಿ ಕೇಳಿದರು.

“ಅಲ್ಲಿ ಹೊಸ ನಕ್ಷತ್ರ ಹುಟ್ಟುದು ನಿಂತಿದೆ,” ಎಂದರು ಚಿತ್ರ ತೋರಿಸುತ್ತಿದ್ದ ಪ್ರಾಧ್ಯಾಪಕರು.

“ನಿಂತದ್ದು ಯಾಕೆ?”

“ಅದು ನಿಮಗೆ ಗೊತ್ತಾದರೆ ನಮಗೂ ಒಂದು ಕಾರ್ಡು ಹಾಕಿ.”

ಎಲ್ಲರೂ ನಕ್ಕರು, ಟೀಚರೂ ನಕ್ಕರು. ಆದರೆ ಪ್ರಶ್ನೆಯನ್ನು ಅಲ್ಲಿ ಬಿಟ್ಟುಬರಲಿಲ್ಲ. ಶಾಲೆಗೆ ತಡವಾಗಿ ಬರುತ್ತಿದ್ದ ವಿಜ್ಞಾನ ಮಾಸಿಕವನ್ನು ಮೊದಲು ಬಿಡಿಸುವವರು ಅವರೇ ಆದರು. ಪುತ್ತೂರಿಗೆ ಹೋದಾಗಲೆಲ್ಲ ಕಾಲೇಜಿನ ಲೈಬ್ರರಿಯಲ್ಲಿ ಬಸ್ಸಿನ ಹೊತ್ತಿನ ತನಕ ಕೂರುತ್ತಿದ್ದರು.

ಎಪ್ಪತ್ತಾರರಲ್ಲಿ ಮೋಹಿನಿಗೆ ಎರಡನೆಯ ಹೆರಿಗೆ. ಗಂಡ ಉದಯಶಂಕರ ಬೊಂಬಾಯಿಯ ಒಂದು ಹೋಟೆಲಿನಲ್ಲಿ ಮ್ಯಾನೇಜರು, ವರ್ಷಕ್ಕೊಮ್ಮೆ ಬರುವವನು. ಪುತ್ತೂರಿನ ಆಸ್ಪತ್ರೆಯಲ್ಲಿ ಅವಳ ಜೊತೆಗಿದ್ದವರು ಟೀಚರ್ ಒಬ್ಬರೇ. ಹೊಟ್ಟೆ ಕೊಯ್ದೇ ಮಗುವನ್ನು ತೆಗೆಯಬೇಕಾಯಿತು. ನಡುವೆ ಡಾಕ್ಟರಮ್ಮ ಹೊರಗೆ ಬಂದರು. ಗರ್ಭಕೋಶ ಹರಿಯುವುದರಲ್ಲಿತ್ತು, ಇನ್ನೊಂದು ಬಸಿರು ನಿಂತರೆ ತಾಯಿ ಉಳಿಯುವುದಿಲ್ಲ, ಈಗಲೇ ನಾಳ ಕಟ್ಟಿಬಿಡುವುದು ಒಳ್ಳೆಯದು ಎಂದರು. ಟೀಚರ್ ಹೂಂ ಎಂದು ಸಹಿ ಹಾಕಿದರು.

“ಎಚ್ಚರಾಗಿ ಸ್ವಲ್ಪ ಗಟ್ಟಿಯಾದ ಮೇಲೆ ನೀವೇ ಹೇಳಿ,” ಎಂದರು ಡಾಕ್ಟರಮ್ಮ. “ತಾಯಿಯ ಬಾಯಲ್ಲಿ ಕೇಳಿದರೆ ಅಷ್ಟು ನೋವಾಗುದಿಲ್ಲ.”

ಸಂಜೆ ತ್ಯಾಂಪಣ್ಣ ಬಂದರು. ಬೇರೆ ಕಡೆಗಳಲ್ಲಿ ಗಂಡು ಹುಟ್ಟಿದರೆ ಸಕ್ಕರೆ ಹಂಚುತ್ತಾರೆ. ಅವರು ವಾರ್ಡಿನ ಬಾಗಿಲಲ್ಲಿ ಚಪ್ಪಲಿ ಕಳಚಿ, ಮಗುವನ್ನು ಬಗ್ಗಿ ನೋಡಿ, “ಚಂದ ಉಂಟು,” ಎಂದರು. ಆಮೇಲೆ ಮೋಹಿನಿಯ ತಲೆ ಸವರಿ, “ಆಗಲಿ ಮಗಾ. ಮುಂದಿನದ್ದು ಹೆಣ್ಣು,” ಎಂದರು. ಮೋಹಿನಿ ನೋವಿನಲ್ಲೇ ನಕ್ಕಳು. ಟೀಚರ್ ಕಿಟಕಿಯ ಹತ್ತಿರ ಹೋಗಿ ನಿಂತರು.

ಅದು ತುರ್ತುಪರಿಸ್ಥಿತಿಯ ಕಾಲ. ಆಪರೇಶನ್ ಎಂಬ ಮಾತಿಗೇ ಹಳ್ಳಿಗಳು ಹೆದರುತ್ತಿದ್ದವು. ಸಂತಾನಹರಣಕ್ಕೆ ಮೇಷ್ಟ್ರುಗಳು ಜನರನ್ನು ಹಿಡಿದುತರಬೇಕು ಎಂಬ ಒತ್ತಾಯವಿತ್ತು. ಟೀಚರು ಸ್ವಂತ ಮಗಳನ್ನೇ ಕೊಟ್ಟುಬಂದರಂತೆ ಎಂದು ಊರು ಹೇಳುವುದನ್ನು ಅವರು ಮನಸ್ಸಿನಲ್ಲೇ ಕೇಳಿಸಿಕೊಂಡರು. ಗಲಾಟೆ ತಣಿಯಲಿ, ಹೇಳುತ್ತೇನೆ ಎಂದುಕೊಂಡರು. ಗಲಾಟೆ ತಣಿಯಿತು. ಸರಕಾರ ಬಿತ್ತು. ಮಗು ನಡೆಯಲು ಕಲಿಯಿತು. ಹೇಳದೆ ಉಳಿದ ಮಾತು ದಿನ ಹೋದ ಹಾಗೆ ಬೆಳೆಯುತ್ತದೆ ಎಂಬುದು ಅವರಿಗೆ ಗೊತ್ತಿರಲಿಲ್ಲ. ಗೊತ್ತಾಗುವಾಗ ಅದು ಬಾಗಿಲಿಗಿಂತ ದೊಡ್ಡದಾಗಿತ್ತು.

ಮೋಹಿನಿ ಕಾಯುತ್ತಿದ್ದಳು. ತಿಂಗಳು ತಿಂಗಳೂ ಮುಟ್ಟಾಗುತ್ತಿದ್ದ ಕಾರಣ ಅವಳಿಗೆ ಸಂಶಯ ಬರಲಿಲ್ಲ. ಗಂಡ ಬಂದುಹೋದ ಮೇಲೆ ಎರಡು ವಾರ ಅವಳ ಮುಖದಲ್ಲೊಂದು ಬೆಳಕು ಇರುತ್ತಿತ್ತು, ಆಮೇಲೆ ಆರುತ್ತಿತ್ತು. ಪಂಡಿತರ ಕಷಾಯ ಕುಡಿದಳು. ಸುಬ್ರಹ್ಮಣ್ಯಕ್ಕೆ ಹೋಗಿ ಆಶ್ಲೇಷಾ ಬಲಿ ಮಾಡಿಸಿದಳು. ಸಂಕಲ್ಪಕ್ಕೆ ಕೂತಾಗ ಅವಳು ಹೆಣ್ಣು ಸಂತಾನ ಎಂದು ಎರಡು ಸಲ ಬಿಡಿಸಿ ಹೇಳುತ್ತಿದ್ದಳು. ಭಟ್ಟರು ಅಭ್ಯಾಸದ ಮೇಲೆ ಪುತ್ರ ಎಂದುಬಿಟ್ಟರೆ ಎಂಬ ಭಯ ಅವಳಿಗೆ. ಪಕ್ಕದಲ್ಲಿ ಹಣ್ಣುಕಾಯಿಯ ತಟ್ಟೆ ಹಿಡಿದು ಟೀಚರ್ ಕೂತಿರುತ್ತಿದ್ದರು.

ಎಂಬತ್ತೊಂದರಲ್ಲಿ ಒಂದು ದಾರಿ ಬಾಗಿಲಿಗೇ ಬಂತು. ಅಜ್ಜಾವರದಲ್ಲಿ ಅದೇ ಬಳಿಯ ಒಂದು ಕವಲು ಇತ್ತು, ಬಡವರು. ಅವರಿಗೆ ಮೂವರು ಹೆಣ್ಣುಮಕ್ಕಳು. ಕೊನೆಯವಳು ಸೀತುವನ್ನು ಕೊಯಿಲದ ಮನೆಗೆ ಕೊಡುತ್ತೇವೆ, ಮನೆಯ ಮಗಳಾಗಿ ಬೆಳೆಯಲಿ ಎಂದು ಅವರೇ ಕರೆದುಕೊಂಡು ಬಂದರು. ಹುಡುಗಿ ಚಾವಡಿಯ ಕಂಬಕ್ಕೆ ಒರಗಿ, ಕೊಟ್ಟ ಬಾಳೆಹಣ್ಣನ್ನು ತಿನ್ನದೆ ಹಿಡಿದುಕೊಂಡಿದ್ದಳು. ಇಂಥ ಮಾತಿನಲ್ಲಿ ಬಳಿಯ ಹೆಂಗಸು ಒಪ್ಪದೆ ಯಜಮಾನ ಏನೂ ಮಾಡುವ ಹಾಗಿಲ್ಲ. ತ್ಯಾಂಪಣ್ಣ ಮೋಹಿನಿಯ ಕಡೆ ನೋಡಿದರು.

“ನಾನು ಇನ್ನೂ ಇದ್ದೇನಲ್ಲ ಅಜ್ಜ,” ಎಂದಳು ಮೋಹಿನಿ. “ನನಗೆ ಮೂವತ್ತು ಕೂಡ ಆಗಲಿಲ್ಲ. ಈಗಲೇ ಬೇರೆಯವರ ಮಗುವನ್ನು ತಂದರೆ, ನನ್ನದು ಮುಗೀತು ಅಂತಲೇ ಅರ್ಥ ಅಲ್ವಾ?”

ತ್ಯಾಂಪಣ್ಣ ಟೀಚರ ಕಡೆ ತಿರುಗಿದರು. “ನೀನು ಎಂತ ಹೇಳ್ತಿ?”

ಟೀಚರ್ ಬಾಯಿ ತೆರೆದರು. ಮಗಳ ಕಣ್ಣು ಅವರ ಮೇಲೆಯೇ ಇತ್ತು. “ಅವಳು ಹೇಳಿದ ಹಾಗೆ,” ಎಂದರು.

ಬಂದವರು ಊಟ ಮಾಡಿಕೊಂಡು ಹೊರಟರು. ಮರುವರ್ಷ ಸೀತುವನ್ನು ಕಾಸರಗೋಡಿನ ಕಡೆಯ ಇನ್ನೊಂದು ಮನೆಯವರು ಶಾಸ್ತ್ರ ಮಾಡಿ ಕರೆದುಕೊಂಡು ಹೋದರು ಎಂದು ಸುದ್ದಿ ಬಂತು. ಅವಳ ಅಕ್ಕಂದಿರಿಗೆ ಅಷ್ಟರಲ್ಲಿ ಮದುವೆಯ ಮಾತು ನಡೆದಿತ್ತು.

ಎಂಬತ್ತನಾಲ್ಕರ ಫೆಬ್ರವರಿಯಲ್ಲಿ ಪುತ್ತೂರಿನ ಕಾಲೇಜಿನ ವಿಜ್ಞಾನ ಸಂಘದವರು ಟೀಚರನ್ನು ಮಾತಾಡಲು ಕರೆದರು. ವಿಷಯ ನಿಮ್ಮ ಇಷ್ಟ ಎಂದರು. ಟೀಚರ್ ತಮಗೆ ಗೊತ್ತಿದ್ದ ಒಂದೇ ವಿಷಯವನ್ನು ಹೇಳಿದರು. ಭಾಷಣದ ಹಿಂದಿನ ಭಾನುವಾರ ಮಧ್ಯಾಹ್ನ ಊಟಕ್ಕೆ ಕೂತಾಗ ಅದೇ ಮಾತು.

“ಎಂತ ಟೀಚರೇ, ನಕ್ಷತ್ರ ಹುಟ್ಟುದು ನಿಲ್ತದಂತೆ?” ಎಂದರು ತ್ಯಾಂಪಣ್ಣ. “ಗಾಳಿಮಳೆ ಎಂತಾದ್ರೂ ಉಂಟಾ ಅಲ್ಲಿ?”

“ಗಾಳಿ ಉಂಟು ಮಾವ.”

“ನೋಡು!”

“ಗೆಲಾಕ್ಸಿಗಳು ಕೆಲವು ಒಂಟಿಯಾಗಿ ಇರ್ತವೆ, ಕೆಲವು ಗುಂಪಾಗಿ. ದೊಡ್ಡ ಗುಂಪಿನ ಒಳಗೆ ತುಂಬ ಬಿಸಿಯಾದ ತೆಳು ಅನಿಲ ತುಂಬಿಕೊಂಡಿರ್ತದೆ. ಹೊಸ ಗೆಲಾಕ್ಸಿಯೊಂದು ಅದರೊಳಗೆ ನುಗ್ಗುವಾಗ ಎದುರುಗಾಳಿ ಹೊಡೆದ ಹಾಗೆ ಆಗ್ತದೆ. ಇದರ ಹತ್ತಿರ ಇದ್ದ ತಂಪು ಅನಿಲವನ್ನೆಲ್ಲ ಅದು ಗುಡಿಸಿಕೊಂಡು ಹೋಗ್ತದೆ. ನಕ್ಷತ್ರ ಹುಟ್ಟುದು ಆ ತಂಪು ಅನಿಲದಿಂದಲೇ. ಬಿಸಿ ಇದ್ದರೆ ಅದು ಕುಗ್ಗಿ ಒಟ್ಟಾಗುದಿಲ್ಲ.”

“ತಂಪು ಬೇಕಾ?” ಎಂದಳು ಪಂಕಜಾಕ್ಷಿ, ಸಾರು ಬಡಿಸುತ್ತ. “ಹಾಗಾದರೆ ನಮ್ಮ ಯಜಮಾನರ ಹತ್ತಿರ ಒಂದು ಮಿಣುಕುಹುಳ ಕೂಡ ಹುಟ್ಟಲಿಕ್ಕಿಲ್ಲ.”

ಮಕ್ಕಳು ಅನ್ನ ಉಗುಳುವಷ್ಟು ನಕ್ಕರು. ತ್ಯಾಂಪಣ್ಣನೂ ನಕ್ಕರು. ಮೋಹಿನಿ ನಗಲಿಲ್ಲ.

“ಅಮ್ಮ, ನಿಂತದ್ದು ಮತ್ತೆ ಶುರುವಾಗುದು ಉಂಟಾ?”

“ಕೆಲವು ಕಡೆ ಹೊರಗಿಂದ ಹೊಸ ಅನಿಲ ಬಿದ್ದು ಸ್ವಲ್ಪ ಶುರುವಾಗ್ತದೆ ಅಂತಾರೆ.”

“ಉಂಟಲ್ಲ ಹಾಗಾದರೆ,” ಎಂದಳು ಮೋಹಿನಿ. ಆಮೇಲೆ, ಅದರ ಬೆನ್ನಿಗೇ ಬಂದ ಮಾತಿನ ಹಾಗೆ, ಬೊಂಬಾಯಿಯ ಸುದ್ದಿ ಹೇಳಿದಳು. ಗಂಡ ಅಲ್ಲಿಯ ದೊಡ್ಡ ಡಾಕ್ಟರೊಬ್ಬರನ್ನು ವಿಚಾರಿಸಿದ್ದಾನೆ. ಏನೋ ಬಣ್ಣದ ಔಷಧಿ ಒಳಗೆ ಬಿಟ್ಟು ಎಕ್ಸ್‌ರೇ ತೆಗೆಯುತ್ತಾರಂತೆ, ನಾಳದಲ್ಲಿ ಎಲ್ಲಿ ತಡೆ ಇದ್ದರೂ ಕಾಣುತ್ತದಂತೆ. ಶಿವರಾತ್ರಿ ಕಳೆದ ಮೇಲೆ ಹೊರಡುವುದು. “ಅಲ್ಲಿ ಸರಿಮಾಡ್ತಾರೆ ಅಜ್ಜ. ಒಂದು ವರ್ಷ ಕೊಡಿ.”

“ಒಂದಲ್ಲ, ಎರಡು ತೆಗೆದುಕೋ,” ಎಂದರು ತ್ಯಾಂಪಣ್ಣ. ಟೀಚರ ಕೈ ಅನ್ನದಲ್ಲೇ ನಿಂತಿತ್ತು. ಈಗ ತಾವು ಹೇಳದಿದ್ದರೆ ಬೊಂಬಾಯಿಯ ಎಕ್ಸ್‌ರೇ ಹೇಳುತ್ತದೆ.

ಶನಿವಾರ ಮೋಹಿನಿಯೂ ಪುತ್ತೂರಿಗೆ ಬಂದಳು, ಬೊಂಬಾಯಿಗೆ ಒಯ್ಯಲು ಪೆಟ್ಟಿಗೆ ಕೊಳ್ಳುವುದಿತ್ತು. ಕಾಲೇಜಿನ ಸಭಾಂಗಣದ ಹಿಂದಿನ ಬೆಂಚಿನಲ್ಲಿ ಹೊಸ ಪೆಟ್ಟಿಗೆಯನ್ನು ಕಾಲಬಳಿ ಇಟ್ಟುಕೊಂಡು ಕೂತಳು.

ಟೀಚರ್ ಚೆನ್ನಾಗಿ ಮಾತಾಡಿದರು. ನೀಲಿ ನಕ್ಷತ್ರಗಳು ಭಾರದವು, ದುಂದುಗಾರರು. ಕೆಲವೇ ಕೋಟಿ ವರ್ಷಗಳಲ್ಲಿ ಉರಿದು ಮುಗಿಯುತ್ತವೆ. ಹಾಗಾಗಿ ಎಲ್ಲಿ ನೀಲಿ ಕಾಣುತ್ತದೋ ಅಲ್ಲಿ ಮೊನ್ನೆ ಮೊನ್ನೆ ಹೆರಿಗೆಯಾಗಿದೆ ಎಂದು ಅರ್ಥ. ಕೆಂಪಿನವು ಚಿಕ್ಕವು, ಜಿಪುಣರು; ಅವು ಸಾವಿರಾರು ಕೋಟಿ ವರ್ಷ ಬಾಳುತ್ತವೆ. ಹುಟ್ಟುವುದು ನಿಂತ ಗೆಲಾಕ್ಸಿಯಲ್ಲಿ ಮೊದಲು ನೀಲಿ ಆರುತ್ತದೆ, ಉಳಿಯುವುದು ಕೆಂಪು. ಯಾಕೆ ನಿಲ್ಲುತ್ತದೆ ಎಂಬುದಕ್ಕೆ ಒಂದೇ ಉತ್ತರ ಇಲ್ಲ, ವಿಜ್ಞಾನಿಗಳು ಇನ್ನೂ ಜಗಳಾಡುತ್ತಿದ್ದಾರೆ ಎಂದರು. ಕೆಲವು ಕಡೆ ಎದುರುಗಾಳಿ ಅನಿಲವನ್ನು ಕಿತ್ತುಕೊಳ್ಳುತ್ತದೆ. ಕೆಲವು ಸಣ್ಣ ಗೆಲಾಕ್ಸಿಗಳಲ್ಲಿ ಸಿಡಿದ ನಕ್ಷತ್ರಗಳೇ ಅದನ್ನು ಹೊರಗೆ ತಳ್ಳುತ್ತವೆ. ಕೆಲವು ಕಡೆ ಅನಿಲ ಬೇಕಾದಷ್ಟಿದ್ದರೂ ಅದರ ಬಿಸಿ ಇಳಿಯುವುದಿಲ್ಲ.

“ಇತ್ತೀಚೆಗೆ ಇನ್ನೊಂದು ಮಾತು ಹೇಳ್ತಾರೆ,” ಎಂದರು. “ಗೆಲಾಕ್ಸಿಗೆ ಯಾರೂ ಹೊಡೆಯುದಿಲ್ಲ. ಅದರ ಸುತ್ತ ದೂರದಲ್ಲಿ ಅನಿಲದ ಒಂದು ಹೊದಿಕೆ ಇರ್ತದೆ, ಅದರಿಂದ ನಿಧಾನವಾಗಿ ಒಳಗೆ ಇಳೀತಾ ಇರ್ತದೆ. ಗುಂಪಿಗೆ ಸೇರಿದ ಮೇಲೆ ಆ ಹೊದಿಕೆ ಮಾತ್ರ ಹೋಗ್ತದೆ. ಒಳಗೆ ಇದ್ದದ್ದು ಇದ್ದ ಹಾಗೇ ಉಂಟು. ಇರುವುದರಲ್ಲೇ ನೂರಾರು ಕೋಟಿ ವರ್ಷ ನಕ್ಷತ್ರ ಹುಟ್ತಾ ಇರ್ತದೆ. ಆಮೇಲೆ ನಿಲ್ತದೆ. ನಿಂತ ದಿನ ಅಂತ ಒಂದು ದಿನ ಇಲ್ಲ.”

ಮುಂದಿನ ಸಾಲಿನಿಂದ ಒಬ್ಬ ಹುಡುಗಿ ಎದ್ದಳು. “ಟೀಚರ್, ತನ್ನಲ್ಲಿ ನಿಂತಿದೆ ಅಂತ ಆ ಗೆಲಾಕ್ಸಿಗೆ ಗೊತ್ತಾಗ್ತದಾ?”

ಸಭೆ ಗೊಳ್ಳೆಂದಿತು. ಹುಡುಗಿ ನಾಚಿ ಕೂತಳು. ಟೀಚರ್ ಮಾತ್ರ ನಗಲಿಲ್ಲ. ಉತ್ತರಕ್ಕೆ ಬಾಯಿ ತೆರೆದವರ ಕಣ್ಣು ಹಿಂದಿನ ಬೆಂಚಿಗೆ ಹೋಯಿತು. ಮೋಹಿನಿ ಗಲ್ಲಕ್ಕೆ ಕೈಯಿಟ್ಟು, ಸಣ್ಣವಳಾಗಿದ್ದಾಗ ಕೇಳುತ್ತಿದ್ದ ಹಾಗೆಯೇ ಕೇಳುತ್ತಿದ್ದಳು. ಅವಳ ಮುಖದಲ್ಲಿ ಆ ಬೆಳಕು ಇತ್ತು.

“ಇಲ್ಲ,” ಎಂದರು ಟೀಚರ್. “ನೋಡುವವರಿಗೆ ಮೊದಲು ಗೊತ್ತಾಗ್ತದೆ.” ಅಷ್ಟು ಹೇಳಿ, ವಂದನೆ ಹೇಳುವುದನ್ನೂ ಮರೆತು ಕೂತುಬಿಟ್ಟರು.

ಕಾಲೇಜಿನಿಂದ ಬಸ್‌ಸ್ಟ್ಯಾಂಡಿಗೆ ಇಳಿಜಾರು. ಬಿಸಿಲು ಇನ್ನೂ ಇಳಿದಿರಲಿಲ್ಲ. ಅರ್ಧ ದಾರಿಯಲ್ಲಿ ಟೀಚರ್ ನಿಂತರು.

“ಮೋಹಿನಿ, ಬೊಂಬಾಯಿಯ ಡಾಕ್ಟ್ರು ಹೇಳುದನ್ನು ನಾನೇ ಹೇಳ್ತೇನೆ.”

“ಎಂತ ಅಮ್ಮ?”

ಟೀಚರ್ ಹೇಳಿದರು. ಹರಿಯಲಿದ್ದ ಗರ್ಭಕೋಶ, ಡಾಕ್ಟರಮ್ಮನ ಮಾತು, ತಮ್ಮ ಸಹಿ. ಪಾಠ ಹೇಳಿದ ಹಾಗೆ, ಒಂದರ ಹಿಂದೆ ಒಂದು. ಮೋಹಿನಿ ಪೆಟ್ಟಿಗೆಯನ್ನು ಕೆಳಗಿಟ್ಟಳು. ದಾರಿಯಲ್ಲಿ ಹೋಗುವವರಿಗೆ ಅದು ಅಡ್ಡವಾಯಿತು, ಅವಳು ಗಮನಿಸಲಿಲ್ಲ.

“ನಾನು ಕಷಾಯ ಕುಡೀತಿದ್ದೆ,” ಎಂದಳು. “ಕಹಿ ಅಂದರೆ ನೀನು ಬೆಲ್ಲ ಕೊಡ್ತಿದ್ದೆ.”

“ಹೌದು.”

“ಸುಬ್ರಹ್ಮಣ್ಯಕ್ಕೆ ಬರ್ತಿದ್ದೆ. ತಟ್ಟೆ ಹಿಡೀತಿದ್ದೆ.”

“ನೀನು ಬದುಕಬೇಕು ಅಂತ ಮಗಾ...”

“ಅದು ಗೊತ್ತಾಯ್ತು. ಅದಕ್ಕೆ ನಾನು ಎಂತದೂ ಹೇಳುದಿಲ್ಲ.” ಮೋಹಿನಿ ತಾಯಿಯ ಮುಖವನ್ನೇ ನೋಡಿದಳು. “ಸೀತುವನ್ನು ಕರ್ಕೊಂಡು ಬಂದ ದಿನ ನೀನು ಅಲ್ಲೇ ಇದ್ದೆ ಅಲ್ವಾ? ನಾನು ಬೇಡ ಅಂದದ್ದು ನಿನ್ನ ಎದುರಿಗೆ.”

ಟೀಚರ್ ಕೊಡೆಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದರು.

“ಅಜ್ಜ ನಿನ್ನ ಹತ್ತಿರ ಕೇಳಿದರು ಕೂಡ.” ಅವಳು ಪೆಟ್ಟಿಗೆ ಎತ್ತಿಕೊಂಡಳು. “ಅಜ್ಜನಿಗೆ ನೀನೇ ಹೇಳು.”

ಬಸ್ಸಿನಲ್ಲಿ ಜಾಗ ಬೇಕಾದಷ್ಟಿತ್ತು. ಮೋಹಿನಿ ಮುಂದಿನ ಸೀಟಿನಲ್ಲಿ, ಪರಿಚಯವಿಲ್ಲದ ಮುದುಕಿಯೊಬ್ಬಳ ಪಕ್ಕದಲ್ಲಿ ಕೂತಳು. ಕಬಕದ ಕಡೆಯಿಂದ ಬಂದ ಆ ಮುದುಕಿ ಪೆಟ್ಟಿಗೆ ನೋಡಿ, “ದೂರ ಹೊರಟದ್ದಾ ಮಗಳೇ?” ಎಂದಳು. “ಇಲ್ಲಮ್ಮ,” ಎಂದಳು ಮೋಹಿನಿ, “ಮನೆಗೇ.”

ತ್ಯಾಂಪಣ್ಣ ಅಂಗಳದ ಕಲ್ಲಿನ ಮೇಲೆ ಕೂತು ಹಗ್ಗ ಹೊಸೆಯುತ್ತಿದ್ದರು. ಮೋಹಿನಿ ಮಾತಾಡದೆ ಒಳಗೆ ಹೋದಳು. ಟೀಚರ್ ಅಲ್ಲೇ ನಿಂತು, ಕೊಡೆಯನ್ನು ಗೋಡೆಗೆ ಒರಗಿಸಿ, ಎರಡನೆಯ ಸಲ ಅದೇ ಪಾಠ ಹೇಳಿದರು. ಬೈಗುಳಕ್ಕೆ ತಯಾರಾಗಿಯೇ ಹೇಳಿದರು. ಹಗ್ಗ ಹೊಸೆಯುವ ಕೈ ಎಲ್ಲಿ ನಿಂತಿತೋ ಅವರಿಗೆ ಗೊತ್ತಾಗಲಿಲ್ಲ.

“ಆವತ್ತು ಅವಳ ಜೀವಕ್ಕೆ ಅಪಾಯ ಇದ್ದದ್ದು ಹೌದಾ?”

“ಹೌದು ಮಾವ.”

“ಹಾಗಾದರೆ ಕಟ್ಟಿಸಿದ್ದು ಸರಿ. ನಾನಿದ್ದರೂ ಅದನ್ನೇ ಮಾಡ್ತಿದ್ದೆ.”

ಟೀಚರ್ ತಲೆ ಎತ್ತಿದರು. ಇಷ್ಟು ವರ್ಷ ಅವರು ಹೆದರಿದ್ದು ಈ ಮುಖಕ್ಕೆ. ಅದರಲ್ಲಿ ಸಿಟ್ಟು ಇರಲಿಲ್ಲ.

“ಆವತ್ತೇ ಒಂದು ಮಾತು ಹೇಳ್ತಿದ್ದರೆ ನಾನೇ ಅಜ್ಜಾವರಕ್ಕೆ ಹೋಗ್ತಿದ್ದೆ, ಅವರು ಬರುವ ತನಕ ಕಾಯ್ತಿರಲಿಲ್ಲ,” ಎಂದರು ತ್ಯಾಂಪಣ್ಣ. ಸ್ವರ ತಗ್ಗಿತ್ತು. “ಹೊರಗಿಂದ ಒಂದು ಹೆಣ್ಣು ತರುದು ಈ ಮನೆಗೆ ಹೊಸತಲ್ಲ. ನನ್ನ ಅಜ್ಜಿಯೇ ಹಾಗೆ ಬಂದವಳು. ಅವಳು ಬಂದದ್ದಕ್ಕೆ ನಾನು ಇದ್ದೇನೆ, ನೀನೂ ಇದ್ದಿ.” ಅವರು ಹಗ್ಗವನ್ನು ಮಡಿಲಿನಿಂದ ಕೆಳಗಿಟ್ಟರು. “ಈಗ ಯಾರನ್ನು ಕೇಳುದು? ಬಳಿಯಲ್ಲಿ ಬೇರೆ ಹೆಣ್ಣುಮಕ್ಕಳು ಯಾರಿದ್ದಾರೆ?”

ಒಳಗೆ ಮಕ್ಕಳು ಯಾವುದಕ್ಕೋ ಕಿರುಚುತ್ತಿದ್ದರು, ಪಂಕಜಾಕ್ಷಿ ಗದರುತ್ತಿದ್ದಳು, ಯಾರೋ ನಕ್ಕರು.

“ಒಂದು ಕೇಳ್ತೇನೆ,” ಎಂದರು ತ್ಯಾಂಪಣ್ಣ. “ನನ್ನ ಹತ್ತಿರ ಹೇಳ್ಲಿಕ್ಕೆ ನಿನಗೆ ಎಂತ ಹೆದರಿಕೆ? ನಾನು ಒಂದು ದಿನ ನಿನಗೆ ಕೈ ಎತ್ತಿದ್ದುಂಟಾ?”

“ಇಲ್ಲ ಮಾವ. ಹೆದರಿಕೆ ಅಲ್ಲ. ನಾನು ಓದುವಾಗ ನೀವು ಊರವರ ಹತ್ತಿರ ಒಂದು ಮಾತು ಹೇಳಿದ್ದು ನನಗೆ ಕೇಳಿತ್ತು, ಈ ಮನೆಗೆ ಇರುದು ನಾನೊಬ್ಬಳು ಅಂತ. ಆಮೇಲೆ ಎಂತ ಮಾಡುವಾಗಲೂ ನಾನು ತಲೆ ತಗ್ಗಿಸಬಾರದು ಅಂತ ಮಾತ್ರ ನೋಡಿದೆ,” ಎಂದವರು ಕೊಡೆಯನ್ನು ಅಲ್ಲೇ ಬಿಟ್ಟು, ಅಂಗಳ ಇಳಿದು, ಗದ್ದೆಯ ಹುಣಿಯ ಮೇಲೆ ನಡೆದುಹೋದರು.